ಸಿಸೇರಿಯನ್ ಬಾಣಂತನ: ಹೊಲಿಗೆಯನ್ನೂ ಕೂಸನ್ನೂ ಒಟ್ಟಿಗೆ ನೋಡಿಕೊಳ್ಳುವ ಬಗೆ

ನನ್ನ ತಂಗಿ ಸಿಸೇರಿಯನ್ ಆದ ಐದನೆಯ ದಿನ ಕೂಸಿನೊಂದಿಗೆ ಮದ್ದೂರಿನ ಹತ್ತಿರದ ನಮ್ಮ ತವರಿಗೆ ಬಂದಾಗ, ಅವ್ವ ಬಾಣಂತಿ ಕೋಣೆಯನ್ನು ತನ್ನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಸಜ್ಜು ಮಾಡಿದ್ದಳು. ನೆಲದ ಮೇಲೆ ಚಾಪೆ, ಅದರ ಮೇಲೆ ಹಳೆಯ ಸೀರೆಗಳ ಮೆತ್ತನೆಯ ಹಾಸು, ಮೂಲೆಯಲ್ಲಿ ಸಾಂಬ್ರಾಣಿ ಹಾಕಲು ಕೆಂಡದ ಬಾಣಲೆ, ಬಚ್ಚಲಲ್ಲಿ ಹಬೆಯಾಡುವ ಹಂಡೆ ನೀರು. ತಂಗಿ ಗೋಡೆ ಹಿಡಿದು ಚಾಪೆಯ ಮೇಲೆ ಕೂರಲು ಹೋದವಳು ಅರ್ಧಕ್ಕೇ ನಿಂತುಬಿಟ್ಟಳು. ಕೂರಲೂ ಆಗದೆ ಏಳಲೂ ಆಗದೆ, ಹೊಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಅವ್ವ ಒಂದು ಗಳಿಗೆ ಅವಳನ್ನು ನೋಡಿ, ಏನೂ ಹೇಳದೆ ಪಡಸಾಲೆಯಲ್ಲಿದ್ದ ಅಪ್ಪನ ಮಂಚವನ್ನು ಕೋಣೆಗೆ ತರಿಸಿದಳು.

ನಮ್ಮ ಮೈಸೂರು, ಮಂಡ್ಯ ಸೀಮೆಯ ಬಾಣಂತನ ಬಹಳ ಒಳ್ಳೆಯ ಪದ್ಧತಿ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹೆತ್ತವಳಿಗೆ ತಿಂಗಳುಗಟ್ಟಲೆ ಮನೆಗೆಲಸದಿಂದ ಬಿಡುವು, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಕೂಸನ್ನು ಎತ್ತಿಕೊಳ್ಳಲು ಅನುಭವವಿರುವ ಕೈ ಇವೆಲ್ಲ ಅದರಲ್ಲಿವೆ. ಆದರೆ ಆ ಪದ್ಧತಿ ಬೆಳೆದದ್ದು ಸಹಜ ಹೆರಿಗೆಯ ಕಾಲದಲ್ಲಿ. ಸಿಸೇರಿಯನ್ ಎಂದರೆ ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯುಗಳ ಹೊದಿಕೆ ಮತ್ತು ಗರ್ಭಕೋಶದ ಗೋಡೆಯನ್ನು ಕುಯ್ದು ಪದರ ಪದರವಾಗಿ ಹೊಲಿದ ದೊಡ್ಡ ಶಸ್ತ್ರಚಿಕಿತ್ಸೆ. ಹೊರಗಿನ ಹೊಲಿಗೆ ಹತ್ತು ದಿನಗಳೊಳಗೆ ಮಾಯ್ದಂತೆ ಕಂಡರೂ ಒಳಗಿನ ಪದರಗಳು ಗಟ್ಟಿಯಾಗಲು ಕನಿಷ್ಠ ಆರು ವಾರ ಬೇಕು. ಆದ್ದರಿಂದ ಬಾಣಂತನವನ್ನು ಬಿಡದೆ, ಅದರಲ್ಲಿ ಹೊಲಿಗೆಗೆ ಒಗ್ಗದ್ದನ್ನು ಮಾತ್ರ ಬದಲಿಸಿಕೊಳ್ಳುವುದು ಹೇಗೆ ಎಂಬುದನ್ನು ಆಸ್ಪತ್ರೆಯ ಮೊದಲ ದಿನದಿಂದ ಆರನೆಯ ವಾರದವರೆಗೆ ಕ್ರಮವಾಗಿ ಇಲ್ಲಿ ಬರೆದಿದ್ದೇನೆ. ಇದನ್ನು ಬಾಣಂತಿಯ ಜೊತೆಗೆ ಅವಳ ತಾಯಿ, ಅತ್ತೆ ಮತ್ತು ಗಂಡನೂ ಓದಬೇಕೆಂಬುದು ನನ್ನ ಆಸೆ, ಏಕೆಂದರೆ ಇಲ್ಲಿನ ಅರ್ಧದಷ್ಟು ಕೆಲಸ ಅವರದೇ.

ಆಸ್ಪತ್ರೆಯಲ್ಲಿ: ಮೊದಲ ಮೂರು ದಿನ

ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿದ್ದರೆ ತಾಯಿಗೆ ಪ್ರಜ್ಞೆ ಇರುತ್ತದೆ. ಹಾಗಾಗಿ ತಾಯಿ, ಕೂಸು ಇಬ್ಬರೂ ಆರೋಗ್ಯವಾಗಿದ್ದರೆ ಮೊದಲ ಒಂದು ಗಂಟೆಯೊಳಗೇ ಕೂಸನ್ನು ಎದೆಗೆ ಹಚ್ಚಬಹುದು. ತಾಯಿ ಮಲಗಿದ್ದಂತೆಯೇ ಕೂಸನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟು ನರ್ಸ್ ಹಿಡಿದುಕೊಂಡರೆ ಸಾಕು. 'ತಾಯಿಗೆ ಇನ್ನೂ ಸುಸ್ತು, ನಾಳೆ ಕುಡಿಸೋಣ' ಎಂದು ಯಾರಾದರೂ ಹೇಳಿದರೆ, ಈಗಲೇ ಪ್ರಯತ್ನಿಸಬಹುದೇ ಎಂದು ನೀವಾಗಿ ವಿನಯದಿಂದ ಕೇಳಿ. ಮೊದಲು ಬರುವ ಮಂದವಾದ ಹಳದಿ ಹಾಲು ಚಮಚದಷ್ಟೇ ಇದ್ದರೂ ಕೂಸಿನ ಮೊದಲ ದಿನದ ಹೊಟ್ಟೆಗೆ ಅಷ್ಟೇ ಸಾಕು, ಮತ್ತು ರೋಗ ತಡೆಯುವ ಅಂಶಗಳು ಅದರಲ್ಲಿ ತುಂಬಿರುತ್ತವೆ. ಅದನ್ನು ಹಿಂಡಿ ಚೆಲ್ಲಬಾರದು.

ಎದ್ದು ನಡೆಯುವ ವಿಷಯದಲ್ಲಿ ಹಿರಿಯರಿಗೂ ವೈದ್ಯರಿಗೂ ಸಾಮಾನ್ಯವಾಗಿ ಅಭಿಪ್ರಾಯ ಭೇದ ಬರುತ್ತದೆ. ಇಲ್ಲಿ ವೈದ್ಯರ ಮಾತೇ ಸರಿ. ಶಸ್ತ್ರಚಿಕಿತ್ಸೆಯಾದ ಒಂದು ದಿನದೊಳಗೆ, ನರ್ಸ್ ಒಪ್ಪಿಗೆ ಕೊಟ್ಟ ಮೇಲೆ, ಅವರ ಕೈ ಹಿಡಿದು ಮಂಚದ ಅಂಚಿಗೆ ಕುಳಿತು, ನಂತರ ನಿಂತು, ಹತ್ತು ಹೆಜ್ಜೆ ನಡೆಯಬೇಕು. ಬಸುರಿ ಮತ್ತು ಬಾಣಂತಿಯರ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಅಲ್ಲಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ನಡೆದಾಡಿದರೆ ಹೊಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿಯೂ ಸಡಿಲವಾಗುತ್ತದೆ. ಸಿಸೇರಿಯನ್ ಆದ ಎರಡನೆಯ ದಿನ ಬರುವ ಗ್ಯಾಸಿನ ನೋವು ಕೆಲವರಿಗೆ ಹೊಲಿಗೆಯ ನೋವಿಗಿಂತ ಹೆಚ್ಚಾಗಿರುತ್ತದೆ, ಕೆಲವೊಮ್ಮೆ ಭುಜದವರೆಗೂ ಹಿಡಿಯುತ್ತದೆ.

ನೋವಿನ ಮಾತ್ರೆಯನ್ನು ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ಹಾಲಿನ ಮೂಲಕ ಕೂಸಿಗೆ ಹೋಗುತ್ತದೆಂಬ ಭಯದಿಂದ ಎಷ್ಟೋ ತಾಯಂದಿರು ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ನೋವು ತಿನ್ನುತ್ತಾರೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳಂತಹ ಸಾಮಾನ್ಯ ಮಾತ್ರೆಗಳು ಹಾಲುಣಿಸುವವರಿಗೂ ಸುರಕ್ಷಿತವೆಂದೇ ವೈದ್ಯರು ಕೊಡುತ್ತಾರೆ. ನೋವು ತಡೆದುಕೊಂಡ ತಾಯಿ ನಡೆಯುವುದಿಲ್ಲ, ಸರಿಯಾಗಿ ಕೂರುವುದಿಲ್ಲ, ಕೂಸಿಗೆ ಹಾಲೂ ಸರಿಯಾಗಿ ಕುಡಿಸಲಾರಳು. ಆದರೆ ಮನೆಯಲ್ಲಿ ಉಳಿದಿರುವ ಬೇರೆ ಯಾರದೋ ಮಾತ್ರೆಯನ್ನು ನುಂಗಬಾರದು.

ಡಿಸ್ಚಾರ್ಜ್ ಆಗುವ ಮೊದಲು ಕೂಸಿಗೆ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿವೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಹೊಲಿಗೆ ಕರಗುವಂಥದ್ದೋ ತೆಗೆಸಬೇಕಾದದ್ದೋ, ತೆಗೆಸುವುದಾದರೆ ಯಾವ ದಿನ, ಡ್ರೆಸ್ಸಿಂಗ್ ಯಾವಾಗ ಬಿಚ್ಚಬೇಕು, ಮೈಗೆ ನೀರು ಯಾವಾಗ ಹಾಕಿಕೊಳ್ಳಬಹುದು ಎಂಬ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಕೇಳಿ, ಏಕೆಂದರೆ ಹೊರಡುವ ಗಡಿಬಿಡಿಯಲ್ಲಿ ಎಲ್ಲವೂ ಮರೆತುಹೋಗುತ್ತದೆ. ಕೂಸಿನ ಶ್ರವಣ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇರುವಾಗ ನಮ್ಮ ಭಾಗದ ಯಾವ ಕೂಸಿಗೂ ಈ ಪರೀಕ್ಷೆ ತಪ್ಪಬಾರದು. ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದವರಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ ಮತ್ತು ಏಳು ದಿನಗಳವರೆಗಿನ ಊಟ ಉಚಿತ. ಮನೆಗೆ ಬಿಡುವ 'ನಗು ಮಗು' ವಾಹನಕ್ಕೂ ಹಣ ಕೊಡಬೇಕಾಗಿಲ್ಲ.

ಮನೆಗೆ ಬರುವ ದಾರಿ

ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದ ಮೇಲಿನ ಹಂಪುಗಳು ಹೊಲಿಗೆಗೆ ಬಹಳ ನೋವು ಕೊಡುತ್ತವೆ. ಆಟೊ, ದ್ವಿಚಕ್ರ ವಾಹನ ಬೇಡವೇ ಬೇಡ. ಕಾರಿನಲ್ಲಿ ತಾಯಿ ಹೊಟ್ಟೆಯ ಮೇಲೆ ಒಂದು ಚಿಕ್ಕ ದಿಂಬನ್ನು ಒತ್ತಿ ಹಿಡಿದು ಕೂರಲಿ, ಸೀಟ್ ಬೆಲ್ಟ್‌ನ ಕೆಳಗಿನ ಪಟ್ಟಿ ಹೊಲಿಗೆಯಿಂದ ಕೆಳಗೆ, ತೊಡೆಯ ಬುಡದಲ್ಲಿ ಸೊಂಟದ ಮೂಳೆಯ ಮೇಲೆ ಬರಲಿ. ಕೂಸಿಗೆ ಹಾಲು ಕುಡಿಸಿಯೇ ಹೊರಡಿ.

ಕೋಣೆಯ ಸಜ್ಜು

ಮಂಚದ ವಿಷಯವನ್ನು ಆರಂಭದಲ್ಲಿಯೇ ಹೇಳಿದ್ದೇನೆ, ಆದರೆ ಅದರ ಎತ್ತರವೂ ಮುಖ್ಯ. ಅಂಚಿನಲ್ಲಿ ಕುಳಿತಾಗ ಪಾದಗಳು ನೆಲಕ್ಕೆ ಪೂರ್ತಿ ಊರುವಂತಿರಬೇಕು. ತೀರಾ ತಗ್ಗಾದರೆ ಏಳುವಾಗ ಹೊಟ್ಟೆಯ ಮೇಲೆ ಭಾರ ಬೀಳುತ್ತದೆ, ತೀರಾ ಎತ್ತರವಾದರೆ ಜಾರಿ ಇಳಿಯಬೇಕಾಗುತ್ತದೆ. ಕೂಸಿನ ತೊಟ್ಟಿಲು ಅಥವಾ ಹಾಸಿಗೆ ಅದೇ ಮಟ್ಟದಲ್ಲಿ, ತಾಯಿ ಬಗ್ಗದೆ ಕೈಚಾಚಿ ಮುಟ್ಟುವಷ್ಟು ಹತ್ತಿರ ಇರಲಿ. ಸೀರೆಯ ಜೋಲಿಯನ್ನು ತೊಲೆಗೆ ಕಟ್ಟುವ ರೂಢಿಯಿರುವ ಮನೆಗಳಲ್ಲಿ ಅದು ಸಾಮಾನ್ಯವಾಗಿ ನೆಲದಿಂದ ಗೇಣೆತ್ತರದಲ್ಲಿ ತೂಗುತ್ತದೆ, ಅದರಿಂದ ಕೂಸನ್ನು ಎತ್ತಿಕೊಳ್ಳುವ ಕೆಲಸ ಮೊದಲ ಆರು ವಾರ ಬೇರೆಯವರದಾಗಿರಲಿ.

ಕೈಗೆಟಕುವಂತೆ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಕುಡಿಯುವ ನೀರಿನ ಚೊಂಬು, ಒಗೆದು ಒಣಗಿಸಿದ ಮೆತ್ತನೆಯ ಬಟ್ಟೆಗಳು, ಮಾತ್ರೆ, ಫೋನು, ಚಿಕ್ಕದೊಂದು ಟಾರ್ಚ್ ಇರಿಸಿ. ಕೋಣೆಗೂ ಬಚ್ಚಲಿಗೂ ನಡುವೆ ಹೊಸಿಲು, ಮೆಟ್ಟಿಲು, ಒದ್ದೆ ನೆಲ ಎಲ್ಲೆಲ್ಲಿವೆ ಎಂದು ಒಮ್ಮೆ ನಡೆದು ನೋಡಿ. ನಮ್ಮ ಬಹುತೇಕ ಮನೆಗಳಲ್ಲಿ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯವೇ ಇರುತ್ತದೆ. ಹೊಲಿಗೆ ಹಸಿಯಿರುವಾಗ ಅದು ಕಷ್ಟ. ಔಷಧಿ ಉಪಕರಣಗಳ ಅಂಗಡಿಗಳಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಅದರ ಮೇಲೆ ಇಟ್ಟುಕೊಳ್ಳಬಹುದು. ನಾವು ಎರಡು ಇಟ್ಟಿಗೆ ಕಟ್ಟೆ ಕಟ್ಟಿಸಿ ಪಕ್ಕದಲ್ಲಿ ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಹಿಡಿ ಹಾಕಿಸಿದ್ದೆವು, ಈಗ ಅದು ಅವ್ವನ ಮಂಡಿನೋವಿಗೂ ಉಪಯೋಗಕ್ಕೆ ಬಂದಿದೆ.

ಏಳುವುದು, ಮಲಗುವುದು, ಎತ್ತುವುದು

ಮಲಗಿದವರು ನೇರವಾಗಿ ಎದ್ದು ಕೂರಲು ಹೋದಾಗ ಹೊಟ್ಟೆಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿಯುತ್ತವೆ, ಹೊಲಿಗೆ ಎಳೆಯುವುದು ಆಗಲೇ. ಏಳುವ ಕ್ರಮ ಹೀಗಿರಲಿ. ಮೊದಲು ಮೊಣಕಾಲು ಮಡಚಿ ಪಾದಗಳನ್ನು ಹಾಸಿಗೆಗೆ ಊರಿಕೊಳ್ಳಿ. ಭುಜ, ಸೊಂಟ, ಮಂಡಿ ಒಂದೇ ಸಮನೆ ತಿರುಗುವಂತೆ ಪಕ್ಕಕ್ಕೆ ಹೊರಳಿ. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತ, ಅದೇ ಹೊತ್ತಿಗೆ ಕೆಳಗಿನ ಮೊಣಕೈ ಮತ್ತು ಮೇಲಿನ ಅಂಗೈಯನ್ನು ಹಾಸಿಗೆಗೆ ಒತ್ತಿ ಮೇಲೇಳಿ. ಉಸಿರು ಕಟ್ಟಬೇಡಿ, ಏಳುವಾಗ ಉಸಿರನ್ನು ನಿಧಾನವಾಗಿ ಹೊರಗೆ ಬಿಡಿ. ಕುಳಿತ ಮೇಲೆ ತಲೆಸುತ್ತು ಬರುತ್ತದೆಯೇ ಎಂದು ಅರ್ಧ ನಿಮಿಷ ಕಾದು ಆಮೇಲೆ ನಿಲ್ಲಿ. ಮಲಗುವಾಗ ಇದೇ ಕ್ರಮ ಹಿಂದುಮುಂದು. ನನ್ನ ತಂಗಿ ಮೊದಲ ವಾರ ಮಂಚದ ಕಾಲಿನ ಕಡೆಯ ಪಟ್ಟಿಗೆ ಒಂದು ಹಳೆಯ ಕಾಟನ್ ಸೀರೆಯನ್ನು ಕಟ್ಟಿಕೊಂಡು ಅದರ ಗಂಟನ್ನು ಹಿಡಿದು ಏಳುತ್ತಿದ್ದಳು. ರಾತ್ರಿ ಮೂರು ಗಂಟೆಗೆ ಯಾರನ್ನೂ ಎಬ್ಬಿಸದೆ ತಾನೇ ಎದ್ದು ಕೂರಬಲ್ಲೆ ಎಂಬ ಧೈರ್ಯ ಅವಳಿಗೆ ಬಂದದ್ದು ಆ ಸೀರೆಯಿಂದ.

ಕೆಮ್ಮು, ಸೀನು, ನಗು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಿ. ಎತ್ತುವ ಭಾರದ ಮಿತಿಯೆಂದರೆ ನಿಮ್ಮ ಕೂಸಿನ ತೂಕ, ಅದಕ್ಕಿಂತ ಹೆಚ್ಚಿನದ್ದು ಆರು ವಾರ ಬೇಡ. ನೀರಿನ ಬಿಂದಿಗೆ, ಒದ್ದೆ ಬಟ್ಟೆಯ ಬಕೆಟ್ಟು, ದೋಸೆ ಹಿಟ್ಟಿನ ಪಾತ್ರೆ ಎಲ್ಲವೂ ಇದರಲ್ಲಿ ಸೇರಿದವು. ಮೊದಲ ಮಗು ಎರಡು ಮೂರು ವರ್ಷದ್ದಾಗಿದ್ದರೆ ಅದು ಎತ್ತಿಕೋ ಎಂದು ಅಳುತ್ತದೆ, ಇದೇ ತಾಯಿಗೆ ಅತಿ ಕಷ್ಟದ ಘಳಿಗೆ. ಮಂಚದ ಮೇಲೆ ಅದನ್ನು ಪಕ್ಕಕ್ಕೆ ಹತ್ತಿಸಿಕೊಂಡು ತಬ್ಬಿಕೊಳ್ಳಿ, ನಿಂತು ಮಾತ್ರ ಎತ್ತಬೇಡಿ.

ಹಾಲು ಕುಡಿಸುವುದು

ಸಿಸೇರಿಯನ್ ಆದ ತಾಯಂದಿರಿಗೆ ಹಾಲು ತುಂಬಿ ಬರುವುದು ಒಂದೆರಡು ದಿನ ತಡವಾಗುವುದುಂಟು. ಮೂರನೆಯ ದಿನವೂ ಎದೆ ಬಿಗಿಯಲಿಲ್ಲವೆಂದು ನೋಡಿದವರೆಲ್ಲ 'ಹಾಲಿಲ್ಲ, ಡಬ್ಬಿ ಹಾಲು ಹಾಕಿ' ಎನ್ನಲು ಶುರು ಮಾಡುತ್ತಾರೆ. ಹಾಲಿನ ಉತ್ಪತ್ತಿ ಕೂಸು ಚೀಪುವುದನ್ನು ಅವಲಂಬಿಸಿದೆ. ಡಬ್ಬಿ ಹಾಲು ಹಾಕಿದಷ್ಟೂ ಕೂಸು ಎದೆಯನ್ನು ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಷ್ಟೂ ಹಾಲು ಕಡಿಮೆಯಾಗುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ 8ರಿಂದ 12 ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಕೂಸಿನ ತೂಕ ತೀರಾ ಇಳಿದಿದ್ದರೆ ಅಥವಾ ಸಕ್ಕರೆ ಅಂಶ ಕಡಿಮೆಯಿದ್ದರೆ ಮಕ್ಕಳ ವೈದ್ಯರೇ ಪೂರಕ ಹಾಲು ಹೇಳಬಹುದು. ಆಗ ಕೊಡುವುದು ತಪ್ಪಲ್ಲ, ಅದಕ್ಕಾಗಿ ತಾಯಿ ಮನಸ್ಸಿಗೆ ಹಚ್ಚಿಕೊಳ್ಳಲೂ ಬಾರದು. ಆದರೆ ಆ ತೀರ್ಮಾನ ವೈದ್ಯರದಾಗಿರಲಿ, ನೋಡಲು ಬಂದ ನೆಂಟರದಾಗುವುದು ಬೇಡ.

ಹೊಲಿಗೆಯ ಮೇಲೆ ಕೂಸಿನ ಭಾರ ಬೀಳದಂತೆ ಕುಡಿಸಲು ಎರಡು ಭಂಗಿಗಳು ಒಳ್ಳೆಯವು. ಒಂದು, ತಾಯಿ ಪಕ್ಕಕ್ಕೆ ಮಲಗಿ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕೂಸನ್ನು ತನ್ನ ಕಡೆಗೆ ಮುಖ ಮಾಡಿ ಮಲಗಿಸಿ ಕುಡಿಸುವುದು. ಇನ್ನೊಂದು, ಕುಳಿತುಕೊಂಡು ಕೂಸನ್ನು ಕಂಕುಳ ಕೆಳಗೆ, ಅದರ ಕಾಲುಗಳು ತಾಯಿಯ ಬೆನ್ನಿನ ಕಡೆಗೆ ಹೋಗುವಂತೆ ಹಿಡಿದುಕೊಳ್ಳುವುದು. ಈ ಎರಡನೆಯದರಲ್ಲಿ ಪಕ್ಕಕ್ಕೆ ಎರಡು ಗಟ್ಟಿ ದಿಂಬುಗಳನ್ನಿಟ್ಟು ಕೂಸು ಎದೆಯ ಮಟ್ಟಕ್ಕೆ ಬರುವಂತೆ ಮಾಡಿಕೊಳ್ಳಬೇಕು. ಕೂಸನ್ನು ಎದೆಗೆ ತರಬೇಕೇ ಹೊರತು ತಾಯಿ ಕೂಸಿನ ಮೇಲೆ ಬಾಗಬಾರದು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಜೀವಮಾನವಿಡೀ ಬೆನ್ನುನೋವು ಬರುತ್ತದೆಂದು ಬಹಳ ಜನ ನಂಬಿದ್ದಾರೆ. ದಿನಕ್ಕೆ ಹತ್ತು ಸಲ ಅರ್ಧರ್ಧ ಗಂಟೆ ಬಾಗಿ ಕೂರುವುದನ್ನು ಲೆಕ್ಕ ಹಾಕಿದರೆ ನೋವಿನ ಮೂಲ ಎಲ್ಲಿದೆಯೆಂದು ತಿಳಿಯುತ್ತದೆ.

ಕೂಸು ಬರೀ ತೊಟ್ಟನ್ನು ಹಿಡಿದರೆ ತೊಟ್ಟು ಒಡೆಯುತ್ತದೆ, ಹಾಲೂ ಇಳಿಯುವುದಿಲ್ಲ. ಬಾಯಿ ಅಗಲವಾಗಿ ತೆರೆದಾಗ ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಚ್ಚಿ. ಕೆಳದುಟಿ ಹೊರಕ್ಕೆ ಮಡಚಿದ್ದು, ಗದ್ದ ಎದೆಗೆ ತಾಗಿದ್ದು, ನುಂಗುವ ಸದ್ದು ಕೇಳಿದರೆ ಸರಿಯಾಗಿ ಹಿಡಿದಿದೆ ಎಂದರ್ಥ. ಕುಡಿದ ಮೇಲೆ ತೇಗು ಬರಿಸುವ ಕೆಲಸವನ್ನು ಗಂಡನಿಗೋ ಅಜ್ಜಿಗೋ ಒಪ್ಪಿಸಿ. ರಾತ್ರಿ ಮಲಗಿಕೊಂಡು ಕುಡಿಸುವಾಗಲಂತೂ, ನೋವಿನ ಮಾತ್ರೆ ಮತ್ತು ಸುಸ್ತಿನಿಂದ ತಾಯಿಗೆ ನಿದ್ದೆ ಹತ್ತಿದರೆ ಕೂಸಿನ ಮೂಗು ಮುಚ್ಚುವ ಅಪಾಯವಿರುವುದರಿಂದ, ಇನ್ನೊಬ್ಬರು ಎಚ್ಚರವಿದ್ದು ಕೂಸನ್ನು ಅದರ ಹಾಸಿಗೆಗೆ ಮರಳಿಸಬೇಕು.

ಹಾಲು ಸಾಕಾಗುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆಯಿಂದ ಅಳೆಯಿರಿ. ಐದನೆಯ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು, ಮೊದಲ ದಿನಗಳ ಕಪ್ಪು ಅಂಟು ಮಲ ಹಸಿರಾಗಿ ಆಮೇಲೆ ಹಳದಿಗೆ ತಿರುಗಬೇಕು. ಮೊದಲ ವಾರ ಸ್ವಲ್ಪ ತೂಕ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮತ್ತು ವೈದ್ಯರು ಬರೆದ ವಿಟಮಿನ್ ಡಿ ಹನಿ ಬಿಟ್ಟು ಬೇರೇನೂ ಬೇಡ. ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದದ್ದು, ಹರಳೆಣ್ಣೆ ಇವೆಲ್ಲ ಅಕ್ಕರೆಯಿಂದಲೇ ಬರುತ್ತವೆ, ಆದರೂ ಕೂಸಿನ ಬಾಯಿಗೆ ಹೋಗಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಒಂದು ವರ್ಷದೊಳಗಿನ ಮಕ್ಕಳ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲವು.

ಹೊಲಿಗೆ, ಎಣ್ಣೆನೀರು ಮತ್ತು ಕೆಂಡ

ಡ್ರೆಸ್ಸಿಂಗ್ ಬಿಚ್ಚಿದ ಮೇಲೆ ದಿನಕ್ಕೊಮ್ಮೆ ಹೊಲಿಗೆಯನ್ನು ನೋಡಬೇಕು. ಹೊಟ್ಟೆಯ ಮಡಿಕೆಯ ಕೆಳಗೆ ಇರುವುದರಿಂದ ತಾಯಿಗೆ ಅದು ಕಾಣುವುದಿಲ್ಲ, ಕನ್ನಡಿ ಹಿಡಿಯಬೇಕು ಅಥವಾ ಅವಳಿಗೆ ಸಂಕೋಚವಿಲ್ಲದವರು ನೋಡಬೇಕು. ವೈದ್ಯರು ಹೇಳಿದ ದಿನದಿಂದ ಉಗುರುಬೆಚ್ಚಗಿನ ನೀರನ್ನು ಭುಜದಿಂದ ಹರಿಯಬಿಟ್ಟು ಸ್ನಾನ ಮಾಡಬಹುದು. ಹೊಲಿಗೆಯನ್ನು ಉಜ್ಜಬಾರದು. ಸ್ನಾನವಾದ ಮೇಲೆ ಶುಭ್ರವಾದ ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಮಡಿಕೆಯೊಳಗೆ ಬೆವರು ನಿಲ್ಲದಂತೆ ಸಡಿಲವಾದ ಹತ್ತಿಯ ಒಳಉಡುಪು ಹಾಕಿ. ಅರಿಶಿನ, ಪೌಡರ್, ಎಣ್ಣೆ, ಬೂದಿ ಯಾವುದನ್ನೂ ಹಚ್ಚಬೇಡಿ.

ಎಣ್ಣೆನೀರಿನ ಸಂಪ್ರದಾಯವನ್ನು ಪೂರ್ತಿ ಬಿಡಬೇಕಾಗಿಲ್ಲ. ತಲೆ, ಕೈಕಾಲು, ಭುಜ, ಬೆನ್ನಿಗೆ ಎಣ್ಣೆ ಹಚ್ಚಿ ನೀವಬಹುದು, ಕುರ್ಚಿಯ ಮೇಲೆ ಕೂರಿಸಿ ನೀರು ಹಾಕಬಹುದು. ಹೊಟ್ಟೆಯನ್ನು ನೀವುವುದು, ಕುದಿಯುವ ನೀರನ್ನು ಚೊಂಬಿನಿಂದ ಹೊಟ್ಟೆಯ ಮೇಲೆ ರಭಸದಿಂದ ಎರಚುವುದು ಮಾತ್ರ ಕೂಡದು. ಸಹಜ ಹೆರಿಗೆಯಲ್ಲಿ ಅದು ಹಾಯೆನಿಸಬಹುದು, ಇಲ್ಲಿ ಒಳಗೆ ಹಸಿ ಗಾಯವಿದೆ. ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುವುದೂ ಹಾಗೆಯೇ. ನಡೆಯುವಾಗ ಆಸರೆಗೆ ಬೇಕೆನಿಸಿದರೆ ವೈದ್ಯರನ್ನು ಕೇಳಿ ಮೆದುವಾದ ಬೆಲ್ಟ್ ಹಾಕಿಕೊಳ್ಳಬಹುದು, ಉಸಿರಾಡಲು ಕಷ್ಟವಾಗುವಷ್ಟು ಬಿಗಿಯಬಾರದು.

ಕೆಂಡದ ವಿಷಯದಲ್ಲಿ ನಾನು ಖಂಡಿತವಾಗಿ ಹೇಳುತ್ತೇನೆ: ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಉರಿಸಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುವಷ್ಟು ಅದು ವಿಷ. ಸಾಂಬ್ರಾಣಿಯ ಹೊಗೆಯೂ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತಾಯಿಗೆ ಕೆಮ್ಮು ಬಂದರೆ ಹೊಲಿಗೆಗೂ ನೋವು. ಮೈಸೂರಿನ ಡಿಸೆಂಬರ್ ಚಳಿಗೆ ಬಾಗಿಲು ಸಂದಿನ ಗಾಳಿ ತಡೆದು, ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ತಾಯಿಗಿಂತ ಒಂದು ಪದರ ಬಟ್ಟೆ ಹೆಚ್ಚು ಹೊದಿಸಿದರೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ಬೇಡ. ಹುಟ್ಟಿದ ತೂಕ 2.5 ಕಿಲೋಗಿಂತ ಕಡಿಮೆಯಿದ್ದ ಕೂಸನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ತಾಯಿಗೆ ಹೊಲಿಗೆ ನೋಯುವ ಹೊತ್ತಿನಲ್ಲಿ ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಕೂಸಿನ ಸ್ನಾನ, ಹೊಕ್ಕುಳು, ನಿದ್ದೆ

ಕೂಸಿಗೆ ನೀರು ಹಾಕುವ ಕೆಲಸವನ್ನು ಸಿಸೇರಿಯನ್ ಆದ ತಾಯಿ ಮಾಡಕೂಡದು, ಕಾಲು ಚಾಚಿ ಮಣೆಯ ಮೇಲೆ ಕೂತು ಬಾಗುವ ಆ ಭಂಗಿ ಅವಳಿಗೆ ಸಲ್ಲ. ಹೊಕ್ಕುಳ ಬಳ್ಳಿ ಒಣಗಿ ಬೀಳುವವರೆಗೆ, ಅಂದರೆ ಸಾಮಾನ್ಯವಾಗಿ ಒಂದೆರಡು ವಾರ, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಬಳ್ಳಿಗೆ ಏನನ್ನೂ ಹಚ್ಚದೆ ಒಣಗಿರುವಂತೆ ನೋಡಿಕೊಳ್ಳಿ, ಲಂಗೋಟಿಯನ್ನು ಅದರ ಕೆಳಗೆ ಕಟ್ಟಿ. ನೀರು ಹಾಕಲು ಶುರು ಮಾಡಿದ ಮೇಲೆ ಮೂಗು, ಕಿವಿಗಳಿಗೆ ಎಣ್ಣೆ ಬಿಡುವುದು, ಬಾಯಿಂದ ಮೂಗಿಗೆ ಊದುವುದು, ಗಂಡಾಗಲಿ ಹೆಣ್ಣಾಗಲಿ ಕೂಸಿನ ಎದೆಯನ್ನು ಹಿಂಡುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಪಾದಕ್ಕೆ ಇಡಿ. ಮಲಗಿಸುವುದು ಬೆನ್ನ ಮೇಲೆ, ಗಟ್ಟಿಯಾದ ಹಾಸಿನ ಮೇಲೆ, ಪಕ್ಕದಲ್ಲಿ ಸಾಸಿವೆ ದಿಂಬೂ ಸೇರಿ ಯಾವ ದಿಂಬೂ ಇಲ್ಲದೆ.

ಬಾಣಂತಿಯ ಊಟ

'ನೀರು ಜಾಸ್ತಿ ಕುಡೀಬ್ಯಾಡ ಕಣವ್ವ, ಹೊಟ್ಟೆ ಬತ್ತದೆ' ಎಂಬ ಮಾತು ನಮ್ಮ ಮನೆಯಲ್ಲೂ ಕೇಳಿಬಂತು. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಮುಕ್ಕಿದಾಗ ಹೊಲಿಗೆ ಎಳೆಯುತ್ತದೆ, ಮೂತ್ರದಲ್ಲಿ ಉರಿ ಶುರುವಾಗುತ್ತದೆ. ಪ್ರತಿ ಸಲ ಹಾಲು ಕುಡಿಸಲು ಕೂತಾಗ ಒಂದು ಲೋಟ ಬೆಚ್ಚಗಿನ ನೀರು ಎಂಬ ನಿಯಮ ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಅವ್ವ ನೀರಿಗೆ ಒಪ್ಪದಿದ್ದಾಗ ತಂಗಿಯ ಗಂಡ ಜೀರಿಗೆ ಹಾಕಿ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿಡಲು ಶುರು ಮಾಡಿದ. ಕಷಾಯವೆಂದು ಅವ್ವನೂ ಸುಮ್ಮನಾದಳು.

ಪಥ್ಯವೆಂದು ಬರೀ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿಯಲ್ಲೇ ತಿಂಗಳು ಕಳೆಯುವ ಮನೆಗಳಿವೆ. ಗಾಯ ಮಾಯಲು ಪ್ರೋಟೀನ್ ಬೇಕು, ಹೋದ ರಕ್ತ ತುಂಬಲು ಕಬ್ಬಿಣದ ಅಂಶ ಬೇಕು. ಇವೆರಡೂ ಮಂಡ್ಯದ ಅಡುಗೆಮನೆಯಲ್ಲಿ ಧಾರಾಳವಾಗಿವೆ. ಬಿಸಿ ರಾಗಿಮುದ್ದೆಗೆ ಸೊಪ್ಪು, ಕಾಳು ಬೇಯಿಸಿದ ಕಟ್ಟಿನ ಬಸ್ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ, ತೊಗರಿಬೇಳೆ, ಹೆಸರುಕಾಳು, ತಿನ್ನುವವರಿಗೆ ಮೊಟ್ಟೆ, ಕೋಳಿ ಸಾರು ಎಲ್ಲವೂ ಒಳ್ಳೆಯವೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೊದಲ ಎರಡು ದಿನ ಮೆದುವಾದ ಊಟ ಕೊಟ್ಟು, ಗಾಳಿ ಹೋಗಿ ಮಲವಿಸರ್ಜನೆ ಸಲೀಸಾದ ಮೇಲೆ ಹೊಟ್ಟೆ ತುಂಬ ಬಡಿಸಿ. ಬಾಣಂತಿ ಲೇಹ್ಯವನ್ನು ವೈದ್ಯರಿಗೆ ತಿಳಿಸಿ ಚೂರು ಚೂರು ತಿನ್ನಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಅದರಲ್ಲಿರುವ ಬೆಲ್ಲದ ಪ್ರಮಾಣ ನೆನಪಿರಲಿ.

ಕಬ್ಬಿಣದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ನುಂಗಬೇಕು, ಕ್ಯಾಲ್ಸಿಯಂ ಮಾತ್ರೆಯನ್ನೂ ಆರು ತಿಂಗಳು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಾಫಿಯೂ ಅದನ್ನು ತಡೆಯುತ್ತದೆ. ಬೆಳಗಿನ ಫಿಲ್ಟರ್ ಕಾಫಿ ಬಿಡಲಾರದವರು ಕಬ್ಬಿಣದ ಮಾತ್ರೆಯನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಳ್ಳಲಿ.

ನೋಡಲು ಬರುವವರು

ಹನ್ನೊಂದನೆಯ ದಿನದ ಪುಣ್ಯಾಹ, ತೊಟ್ಟಿಲ ಶಾಸ್ತ್ರಕ್ಕೆ ಮನೆ ತುಂಬ ಜನ ಸೇರುತ್ತಾರೆ. ಸಿಸೇರಿಯನ್ ಬಾಣಂತಿ ಅಂದು ಬಾಗಿ ನಮಸ್ಕರಿಸುವ, ನೆಲದ ಮೇಲೆ ಹೊತ್ತುಗಟ್ಟಲೆ ಕೂರುವ ಸ್ಥಿತಿಯಲ್ಲಿರುವುದಿಲ್ಲ. ಕುರ್ಚಿ ಹಾಕಿಸಿ, ಶಾಸ್ತ್ರವನ್ನು ಚಿಕ್ಕದಾಗಿ ಮುಗಿಸಿ, ದೊಡ್ಡ ನಾಮಕರಣವನ್ನು ಮೂರನೆಯ ತಿಂಗಳಿಗೆ ಇಟ್ಟುಕೊಂಡರೆ ಎಲ್ಲರಿಗೂ ಹಿತ. ಕೂಸನ್ನು ಮುಟ್ಟುವವರು ಸೋಪಿನಿಂದ ಕೈ ತೊಳೆಯಲಿ, ನೆಗಡಿ ಇದ್ದವರು ದೂರದಿಂದ ನೋಡಲಿ, ಮುತ್ತು ಯಾರದೂ ಬೇಡ.

ಮನಸ್ಸಿನ ನೋವು

ಮೂರನೆಯ ದಿನದಿಂದ ಎರಡು ವಾರದವರೆಗೆ ಕಾರಣವಿಲ್ಲದೆ ಅಳು ಬರುವುದು ಬಹಳ ತಾಯಂದಿರಿಗೆ ಸಹಜ. ಸಿಸೇರಿಯನ್ ಆದವರಿಗೆ ಇದರ ಮೇಲೆ 'ನಾರ್ಮಲ್ ಆಗಲಿಲ್ಲವೇ?' ಎಂಬ ಪ್ರಶ್ನೆಯ ಭಾರವೂ ಸೇರುತ್ತದೆ. ದಯವಿಟ್ಟು ಆ ಪ್ರಶ್ನೆಯನ್ನು ಯಾರೂ ಕೇಳಬೇಡಿ. ಹೊಟ್ಟೆ ಕುಯ್ಸಿಕೊಂಡು ಮಗುವನ್ನು ಭೂಮಿಗೆ ತಂದವಳು ಹೆತ್ತವಳೇ. ಎರಡು ವಾರ ಕಳೆದರೂ ದುಃಖ ತಿಳಿಯಾಗದಿದ್ದರೆ, ಕೂಸು ನಿದ್ದೆ ಹೋದಾಗಲೂ ಅವಳಿಗೆ ನಿದ್ದೆ ಬರದಿದ್ದರೆ, ಕೂಸಿನ ಮೇಲೆ ಅಕ್ಕರೆ ಹುಟ್ಟದಿದ್ದರೆ ಅದು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಟೆಲಿ ಮಾನಸ್ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತನಗೋ ಕೂಸಿಗೋ ಏನಾದರೂ ಮಾಡಿಬಿಡುವ ಯೋಚನೆ ಬಂದರೆ, ಯಾರಿಗೂ ಕಾಣದ್ದು ಕಂಡಂತೆ ಅಥವಾ ಕೇಳಿಸಿದಂತೆ ಆಡಿದರೆ, ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಕೂಸಿನಿಂದ ಅಗಲಿಸದೆ ಚಿಕಿತ್ಸೆ ಕೊಡುವ ತಾಯಿ ಮಗು ವಿಭಾಗವೇ ಇದೆ.

ತಡ ಮಾಡದೆ ಹೊರಡಬೇಕಾದ ಸಂದರ್ಭಗಳು

ಈ ಭಾಗವನ್ನು ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದರೂ ತಪ್ಪಿಲ್ಲ. ತಾಯಿಯ ವಿಷಯದಲ್ಲಿ: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಹೊಲಿಗೆಯ ಸುತ್ತ ಕೆಂಪು, ಊತ, ಕೀವು ಅಥವಾ ಹೊಲಿಗೆ ಬಿಟ್ಟುಕೊಳ್ಳುವುದು, ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತಸ್ರಾವ, ದುರ್ವಾಸನೆಯ ಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಎದೆನೋವು, ಏದುಸಿರು, ಕಣ್ಣು ಮಂಜಾಗುವ ತೀವ್ರ ತಲೆನೋವು. ಬಸುರಿನಲ್ಲಿ ರಕ್ತದೊತ್ತಡ ಸರಿಯಿದ್ದವರಿಗೂ ಹೆರಿಗೆಯಾದ ಮೇಲೆ ಅದು ಏರಿ ಫಿಟ್ಸ್ ಬರುವುದುಂಟು, ಆದ್ದರಿಂದ ಕೊನೆಯದನ್ನು ನಿದ್ದೆಗೆಟ್ಟ ತಲೆನೋವೆಂದು ತಳ್ಳಿಹಾಕಬೇಡಿ. ಕುಳಿತಾಗ ಹೆಚ್ಚಾಗಿ ಮಲಗಿದಾಗ ಕಡಿಮೆಯಾಗುವ ತಲೆನೋವು ಬೆನ್ನಿನ ಅರಿವಳಿಕೆಯಿಂದ ಬಂದದ್ದಿರಬಹುದು, ಅದಕ್ಕೂ ಚಿಕಿತ್ಸೆಯಿದೆ.

ಕೂಸಿನ ವಿಷಯದಲ್ಲಿ: ಹಾಲು ಬಿಡುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುವುದು, ಮೈ ಬಿಸಿಯೇರುವುದು ಅಥವಾ ತಣ್ಣಗಾಗುವುದು, ಫಿಟ್ಸ್, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು. ಹುಟ್ಟಿದ ಮೊದಲ ದಿನವೇ ಕಂಡ ಕಾಮಾಲೆ ಮತ್ತು ಅಂಗೈ, ಅಂಗಾಲಿಗೂ ಇಳಿದ ಕಾಮಾಲೆ ಅಪಾಯದ್ದು. ಬೆಳಗಿನ ಬಿಸಿಲಿಗೆ ಹಿಡಿದು ದಿನ ದೂಡಬೇಡಿ, ಅದಕ್ಕೆ ಆಸ್ಪತ್ರೆಯ ದೀಪದ ಚಿಕಿತ್ಸೆಯೇ ಬೇಕು. ವಾಹನಕ್ಕೆ 108.

ಆರನೆಯ ವಾರ

ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆ 7, 14, 21, 28 ಮತ್ತು 42ನೆಯ ದಿನ ಬರಬೇಕು. ಹೆರಿಗೆಗೆ ಮೈಸೂರಿನ ಮನೆಯಿಂದ ತವರಿಗೆ ಬಂದವರು ಆ ಊರಿನ ಆಶಾ ಕಾರ್ಯಕರ್ತೆಗೆ ತಾವೇ ತಿಳಿಸಬೇಕು, ಇಲ್ಲವಾದರೆ ಎರಡೂ ಊರಿನ ಪಟ್ಟಿಯಿಂದ ಹೆಸರು ತಪ್ಪಿಹೋಗುತ್ತದೆ. ಜನನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ.

ಆರು ವಾರಕ್ಕೆ ಕೂಸಿಗೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ ವೈರಸ್ ಮತ್ತು ನ್ಯುಮೋಕಾಕಲ್ ಲಸಿಕೆಗಳ ಮೊದಲ ಡೋಸ್ ಇರುತ್ತದೆ. ತಾಯಿಯ ತಪಾಸಣೆಯೂ ಆಗಲೇ ಬರುವುದರಿಂದ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಲಸಿಕೆ ಹಾಕಿಸಿಕೊಂಡು ತಾಯಿಯನ್ನು ತೋರಿಸದೆ ಮನೆಗೆ ಮರಳುವವರೇ ಹೆಚ್ಚು. ಅಂದು ಹೊಲಿಗೆಯನ್ನು ತೋರಿಸಿ, ರಕ್ತದೊತ್ತಡ, ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಭಾರ ಎತ್ತುವುದು, ಸ್ಕೂಟರ್, ವ್ಯಾಯಾಮ, ದಾಂಪತ್ಯ ಯಾವಾಗ ಶುರು ಮಾಡಬಹುದೆಂದು ಸಂಕೋಚವಿಲ್ಲದೆ ಕೇಳಿ. ಮುಟ್ಟು ಮರಳುವ ಮೊದಲೇ ಮತ್ತೆ ಬಸಿರು ನಿಲ್ಲಬಹುದು, ಹೊಲಿಗೆ ಬಿದ್ದ ಗರ್ಭಕೋಶಕ್ಕೆ ಕನಿಷ್ಠ ಎರಡು ವರ್ಷದ ಅಂತರ ಬೇಕು, ಆದ್ದರಿಂದ ಹಾಲಿಗೆ ತೊಂದರೆ ಕೊಡದ ಗರ್ಭನಿರೋಧಕ ಯಾವುದೆಂದು ಗಂಡ ಹೆಂಡತಿ ಇಬ್ಬರೂ ಕೂತು ಕೇಳಿಕೊಂಡು ಬನ್ನಿ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡನ್ನೂ ಜೊತೆಗೆ ಒಯ್ಯಿರಿ. ಮುಂದಿನ ಹೆರಿಗೆಯ ತೀರ್ಮಾನಕ್ಕೆ ಈ ಸಲ ಗರ್ಭಕೋಶವನ್ನು ಹೇಗೆ ಕುಯ್ದಿದ್ದರು, ಏಕೆ ಕುಯ್ದಿದ್ದರು ಎಂಬ ವಿವರ ಬೇಕಾಗುವುದರಿಂದ, ಆ ಚೀಟಿಯನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ಹಾಕಿ ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ.